ಕೋಲೆಬಸವನ ಗೋಣು

ಕುತ್ತಿಗೆಗೆ ಹಾಕಿಕೊಳ್ಳುವ ದಪ್ಪನೆಯ ಬಿಳಿ ಪಟ್ಟಿಯೊಂದು ನಮ್ಮ ವಡೋದರಾದ ಮನೆಯಲ್ಲಿ ಕ್ಯಾಲೆಂಡರಿನ ಮೊಳೆಗೆ ತೂಗುಬಿದ್ದಿದೆ. ನೋವು ಹೋಗಿ ಎಷ್ಟೋ ದಿನವಾಯಿತು. ಸೊಸೆ ಸುಮಂಗಲಾ ಅದನ್ನು ಎಸೆಯಲು ಎರಡು ಸಲ ಹೊರಟಳು, ಎರಡು ಸಲವೂ ನಾನು ಓಡಿಹೋಗಿ ಕಸಿದುಕೊಂಡೆ. ಓಡಿಹೋದೆ ಎಂಬುದು ಸ್ವಲ್ಪ ಹೆಚ್ಚಾಯಿತು, ಎಂಬತ್ತರ ಹತ್ತಿರ ಬಂದವನ ಓಟ ಎಂಥದು ಎಂದು ನಿಮಗೆ ಗೊತ್ತಿದೆ. ಆದರೂ ಕೂತಲ್ಲಿ ಕೂಡಲಾರದ ದೇಹ ನನ್ನದು. ಇಷ್ಟು ಬರೆಯುವಷ್ಟರಲ್ಲೇ ಒಮ್ಮೆ ಎದ್ದು ಬಾಲ್ಕನಿಗೆ ಹೋಗಿ ಬಂದೆ. ಅಲ್ಲಿ ಒಣಹಾಕಿದ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ.

ಈ ಪಟ್ಟಿ ಬೀಳುವ ಮೊದಲು ನನ್ನ ಗೋಣು ಸ್ವತಂತ್ರವಾಗಿತ್ತು. ಎಷ್ಟು ಸ್ವತಂತ್ರವೆಂದರೆ ನನ್ನನ್ನು ಒಂದು ಮಾತೂ ಕೇಳದೆ ತಾನೇ ಆಡುತ್ತಿತ್ತು. ಯಾರಾದರೂ ಎದುರು ಕೂತು ನಾಲ್ಕು ಮಾತಾಡಿದರೆ ಸಾಕು, ಕೋಲೆಬಸವನ ಹಾಗೆ ಮೇಲೆ ಕೆಳಗೆ, ಮೇಲೆ ಕೆಳಗೆ. ವಿಮೆ ಮಾಡಿಸಿ ಎಂದು ಬಂದ ಹುಡುಗಿಗೂ ಆಡುತ್ತಿತ್ತು, ವಿಮೆ ಮಾಡಿಸಬೇಡಿ ಎಂದ ನೆರೆಯವರಿಗೂ ಆಡುತ್ತಿತ್ತು. ಕೆಳಗಿನ ಮನೆಯ ಗುಜರಾತಿ ಅಜ್ಜಿ ತನ್ನ ಸೊಸೆಯ ಮೇಲೆ ಅರ್ಧ ಗಂಟೆ ದೂರು ಹೇಳಿದರೆ ಆಡುತ್ತಿತ್ತು, ಆ ಸೊಸೆ ಬಂದು ಅತ್ತೆಯ ಮೇಲೆ ಹೇಳಿದರೂ ಅಷ್ಟೇ. ಇಬ್ಬರೂ ನನ್ನನ್ನು ಬಹಳ ಒಳ್ಳೆಯ ಮನುಷ್ಯ ಎನ್ನುತ್ತಾರೆ. ಅವರ ಮಾತು ನನಗೆ ಅರ್ಧವೂ ತಿಳಿಯುವುದಿಲ್ಲ.

ಇದನ್ನು ನಾನು ಕಲಿತದ್ದು ಕೆಲಸದಲ್ಲಿ. ಓದಿದ್ದು ನಾಲ್ಕನೇ ಇಯತ್ತೆ. ಆಮೇಲೆ ಸೇರಿದ್ದು ರೈಲು ಬೋಗಿಗಳಿಗೆ ಬಣ್ಣ ಬಳಿಯುವ ಖಲಾಸಿಯಾಗಿ. ಬೋಗಿಯ ಒಳಮಾಡು ಬಳಿಯುವಾಗ ದಿನವಿಡೀ ಮೇಲೆ ನೋಡಬೇಕು, ಬಣ್ಣ ಕಣ್ಣಿಗೆ ಬೀಳದಂತೆ ಮುಖ ಓರೆ ಮಾಡಬೇಕು. ಈಗಿನ ಕುತ್ತಿಗೆ ನೋವು ಆಗ ಕೂಡಿಟ್ಟದ್ದು. ಒಂದು ದಿನ ದೂರದಿಂದ ಬಂದ ಸಾಹೇಬರೊಬ್ಬರು ಹಳದಿ ಪಟ್ಟೆಯನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕು ಎಂದು ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದರು. ನಾವು ಹನ್ನೆರಡು ಜನ ಗೋಣು ಹಾಕಿದೆವು. ಅವರು ಹೋದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೊದಲಿನಿಂದ ಎಲ್ಲಿ ಎಳೆಯುತ್ತಿದ್ದೆವೋ ಅಲ್ಲೇ ಎಳೆದೆವು. ಮರುದಿನ ಸಾಹೇಬರು ಬೋಗಿಯನ್ನು ನೋಡಿದರು, ನಮ್ಮನ್ನು ನೋಡಿದರು, ನಿನ್ನೆ ಹೇಳಿದ್ದು ತಿಳಿದಿತ್ತೇ ಎಂದು ಕೇಳಿದರು. ಹನ್ನೆರಡು ಗೋಣು ಮತ್ತೆ ಆಡಿದವು. ಮೂರು ದಿನ ಹಿಡಿಯಿತು ಆ ಪಟ್ಟೆ ಕೆರೆದು ತೆಗೆಯಲು.

ತಿಳಿಯಲಿಲ್ಲ ಎಂದು ಯಾಕೆ ಹೇಳಲಿಲ್ಲ ಎನ್ನುತ್ತೀರಿ. ನಾಲ್ಕು ಇಯತ್ತೆ ಓದಿದವನು ಆ ಮಾತು ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಎದುರಿನವರು ನಿಮ್ಮನ್ನು ಬಿಟ್ಟು ಪಕ್ಕದವನ ಕಡೆ ತಿರುಗಿ ಮಾತಾಡಲು ಶುರು ಮಾಡುತ್ತಾರೆ. ಮತ್ತೆ ನಿಮ್ಮ ಕಡೆ ತಿರುಗುವುದಿಲ್ಲ.

ನನ್ನ ಹೆಂಡತಿ ದಾಕ್ಷಾಯಣಿ ಒಬ್ಬಳ ಹತ್ತಿರ ಈ ವಿದ್ಯೆ ನಡೆಯುತ್ತಿರಲಿಲ್ಲ. ಅವಳು ಮಾತು ನಿಲ್ಲಿಸಿ, "ಗೋಣ ಹಾಕಬ್ಯಾಡ್ರಿ, ನಾ ಏನಂದೆ ಅದನ್ನ ಹೇಳ್ರಿ" ಎನ್ನುತ್ತಿದ್ದಳು. ನಾನು ಚಹಾ ಕೇಳುತ್ತಿದ್ದೆ. ಅವಳು ಹೋಗಿ ಬಹಳ ವರ್ಷವಾಯಿತು. ಮಗನಿಗೆ ವಡೋದರಾದಲ್ಲಿ ರೈಲ್ವೆ ಕ್ಲರ್ಕಿನ ಕೆಲಸ, ಅವನ ಜೊತೆ ನಾನು ಇಲ್ಲಿಗೆ ಬಂದೆ. ಇಲ್ಲಿ ಹುಟ್ಟಿದ ಮೊಮ್ಮಗಳಿಗೆ ಅಜ್ಜಿಯ ಹೆಸರನ್ನೇ ಇಟ್ಟೆವು. ಮನೆಯಲ್ಲಿ ದಾಕ್ಷಿ, ಹೊರಗೆ ಗುಜರಾತಿಗಳಿಗೆ ದಕ್ಷಾಬೆನ್.

ಈ ದಾಕ್ಷಿಯ ವಿಷಯ ಹೇಳಲೆಂದೇ ನಾನು ಇಷ್ಟು ಹೊತ್ತು ಗೋಣಿನ ಸುತ್ತ ಸುತ್ತುತ್ತಿರುವುದು. ಎದೆಯಲ್ಲಿ ಹಿಡಿಸದ ಸಂತೋಷ ಇದ್ದಾಗ ಮಾತು ನೆಟ್ಟಗೆ ಹೋಗುವುದಿಲ್ಲ, ಕ್ಷಮಿಸಿ. ಹುಡುಗಿ ಕೆಮಿಸ್ಟ್ರಿ ಓದಿದಳು, ಅಹಮದಾಬಾದಿಗೆ ಹೋಗಿ ಅದರಲ್ಲೇ ಸಂಶೋಧನೆ ಮಾಡಿದಳು. ಕೆಮಿಸ್ಟ್ರಿ ಎಂದರೆ ಗಾಜಿನ ಬುರುಡೆ, ಹೊಗೆ, ವಾಸನೆ ಎಂದು ನಾನು ತಿಳಿದಿದ್ದೆ. ಅವಳ ಬಟ್ಟೆಗೆ ಯಾವ ವಾಸನೆಯೂ ಇರುತ್ತಿರಲಿಲ್ಲ, ಕೈಗೆ ಒಂದು ಕಲೆ ಇರುತ್ತಿರಲಿಲ್ಲ. ಬಣ್ಣದಲ್ಲಿ ಜೀವ ತೇಯ್ದವನು ನಾನು, ನನಗೆ ಅನುಮಾನ ಬಂತು. ನಿವೃತ್ತಿಯ ಪಾಸು ತೋರಿಸಿ ರೈಲು ಹತ್ತಿ ನೋಡಲು ಹೋದೆ. ತಣ್ಣಗಿನ ಕೋಣೆಯಲ್ಲಿ ಹತ್ತು ಹುಡುಗ ಹುಡುಗಿಯರು ಸ್ವೆಟರ್ ಹಾಕಿಕೊಂಡು ಕಂಪ್ಯೂಟರ್ ನೋಡುತ್ತಿದ್ದರು. ಹೊರಗೆ ಅಹಮದಾಬಾದಿನ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು.

ಇದೇ ನೀಲಿ ಬಣ್ಣ ಎಂದು ತೆರೆಯ ಮೇಲೆ ಒಂದು ಗೊಂಚಲು ತೋರಿಸಿದಳು. ಕಪ್ಪು, ಕೆಂಪು, ಬಿಳಿ ಗುಂಡುಗಳು, ನಡುನಡುವೆ ಒಂದೆರಡು ನೀಲಿ. ಇದರಲ್ಲಿ ನೀಲಿ ಇಷ್ಟೇ ಏನು ಎಂದೆ. ಗುಂಡಿನ ಬಣ್ಣ ಗುರುತಿಗೆ ಮಾತ್ರ, ಎಲ್ಲರೂ ಹಾಗೇ ಬರೆಯುತ್ತಾರೆ, ಅವಕ್ಕೆ ನಿಜವಾಗಿ ಬಣ್ಣವೇ ಇಲ್ಲ ಎಂದಳು. ಬಣ್ಣವಿಲ್ಲದ್ದಕ್ಕೆ ಬಣ್ಣ ಹಚ್ಚಿ ಬಣ್ಣದ ಲೆಕ್ಕ ಹಾಕುವುದು ಯಾಕೆ ಎಂದು ಕೇಳಬೇಕಾಗಿತ್ತು. ಗೋಣು ಹಾಕಿದೆ. ಅವಳ ಮುಖ ಅರಳಿತು.

ಆ ಮುಖ ಅರಳಿದ್ದೇ ಕುತ್ತು.

ಇಲ್ಲಿ ಬೆಳೆದ ಮಕ್ಕಳ ಕನ್ನಡ ನಿಮಗೆ ಗೊತ್ತಲ್ಲ. ದಾಕ್ಷಿ ಚಿಕ್ಕಂದಿನಲ್ಲಿ ನನ್ನ ಹತ್ತಿರ ಕನ್ನಡದಲ್ಲಿ ಹಟ ಮಾಡುತ್ತಿದ್ದಳು, ಶಾಲೆಗೆ ಹೋದ ಮೇಲೆ ಹಿಂದಿಯಲ್ಲಿ, ಕಾಲೇಜಿಗೆ ಹೋದ ಮೇಲೆ ಹಟವೂ ನಿಂತಿತು. ಊಟ ಆತಾ, ಮಲಕೋ, ಇಷ್ಟರಲ್ಲಿ ನಮ್ಮ ಮಾತು ಮುಗಿಯುತ್ತಿತ್ತು. ಅಹಮದಾಬಾದಿನಲ್ಲಿ ಸ್ಯಾಟಲೈಟ್ ಎಂಬ ಬಡಾವಣೆಯ ಒಂದು ಸೊಸೈಟಿಯಲ್ಲಿ ಫ್ಲ್ಯಾಟು ಹಿಡಿದಳು. ಅಲ್ಲಿ ಭಾನುವಾರ ಸಂಜೆ ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಮಕ್ಕಳನ್ನು ಕೂರಿಸಿಕೊಂಡು ವಿಜ್ಞಾನ ಹೇಳಲು ಶುರು ಮಾಡಿದಳು. ಯಾರೂ ಹೇಳಿರಲಿಲ್ಲ, ದುಡ್ಡೂ ಇಲ್ಲ, ಅವಳಿಗೇ ಅನ್ನಿಸಿತಂತೆ. ನಾನು ತಿಂಗಳಿಗೆ ಎರಡು ಸಲ ಹೋಗುತ್ತಿದ್ದೆ. ಸಂಜೆ ಹೇಳಬೇಕಾದ್ದನ್ನು ಮಧ್ಯಾಹ್ನ ನನ್ನೆದುರು ಹೇಳಿ ನೋಡುವಳು. ಹೆಚ್ಚು ಓದದ ಅಜ್ಜನಿಗೆ ತಿಳಿದರೆ ಎಲ್ಲರಿಗೂ ತಿಳಿಯುತ್ತದೆ ಎಂಬುದು ಅವಳ ಲೆಕ್ಕ.

ಅದೂ ಕನ್ನಡದಲ್ಲಿ. ಹುಡುಕಿ ಹುಡುಕಿ, ತಡವರಿಸಿ, ನಡುವೆ ಹಿಂದಿ ಗುಜರಾತಿ ಸೇರಿಸಿ, ನನ್ನ ಮೊಮ್ಮಗಳು ಒಂದು ಗಂಟೆ ನನ್ನೊಬ್ಬನ ಜೊತೆ ನನ್ನ ಭಾಷೆಯಲ್ಲಿ ಮಾತಾಡುತ್ತಿದ್ದಳು. ನಡುವೆ ನಿಲ್ಲಿಸಿ, ತಿಳೀತಾ ಅಜ್ಜಾ ಎನ್ನುವಳು. ನೀವೇ ಹೇಳಿ, ನಾನು ಏನು ಮಾಡಬೇಕಿತ್ತು. ಇಲ್ಲ ಎಂದರೆ ಅವಳು ಪಕ್ಕದವನ ಕಡೆ ತಿರುಗಬಹುದು. ಪಕ್ಕದಲ್ಲಿ ಯಾರೂ ಇರಲಿಲ್ಲ, ಅದು ಬೇರೆ ಮಾತು. ಮೂರು ವರ್ಷ ಗೋಣು ಹಾಕಿದೆ. ಸಂಜೆ ಮಕ್ಕಳು ಐದು ನಿಮಿಷಕ್ಕೆ ಎದ್ದು ಸೈಕಲ್ಲಿನ ಕಡೆ ಓಡುತ್ತಿದ್ದವು. ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ ಎಂದು ನಾನು ಅವಳನ್ನು ಸಮಾಧಾನ ಮಾಡುತ್ತಿದ್ದೆ.

ಇನ್ನು ಪಾಂಡೇಸರಾ. ಸೂರತ್ತಿನ ಆ ಕಡೆ ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳೇ ಮಿಲ್ಲುಗಳು, ಹೊಗೆಯ ಕೊಳವೆಗಳು, ಟೆಂಪೋಗಳು. ಬಟ್ಟೆಗೆ ಹಿಡಿಯದ ಬಣ್ಣ ನೀರಿನ ಜೊತೆ ಹೊರಗೆ ಹೋಗುತ್ತದೆ, ಅದನ್ನು ಶುದ್ಧ ಮಾಡುವುದೇ ಒಂದು ದೊಡ್ಡ ಪಾಡು. ಬಣ್ಣ ಹಿಡಿಯಲೆಂದು ನೀರಿಗೆ ಮೂಟೆಗಟ್ಟಲೆ ಉಪ್ಪು ಸುರಿಯುತ್ತಾರೆ. ಅಷ್ಟು ಉಪ್ಪು ಸುರಿಯದೆಯೂ ಬಣ್ಣವನ್ನು ಬಟ್ಟೆಗೆ ಹಿಡಿಸಬಹುದು ಎಂದು ದಾಕ್ಷಿಯ ಕಂಪ್ಯೂಟರ್ ಹೇಳಿತು. ಕಂಪ್ಯೂಟರ್ ಹೇಳಿದರೆ ಸಾಲದು, ಮಿಲ್ಲಿನ ಯಂತ್ರದ ಪಕ್ಕ ನಿಂತು ಎರಡು ವರ್ಷ ನೋಡಬೇಕು, ಬಟ್ಟೆಯ ಇಂಜಿನಿಯರರು, ನೀರಿನ ಪರೀಕ್ಷೆಯವರು, ಎಲ್ಲರೂ ಜೊತೆಗೆ ಬೇಕು ಎಂದು ಇವಳು ಹಟ ಹಿಡಿದಳು. ಅಂತೂ ಚಿಕ್ಕಂದಿನ ಹಟ ವಾಪಸು ಬಂತು. ಅವಳ ಮೇಲಿನವರು ಒಪ್ಪಿದರು, ಉಳಿದವರೂ ಒಪ್ಪಿದರು. ಮಿಲ್ಲಿನ ಮ್ಯಾನೇಜರ್ ಒಂದು ಮಾತು ಇಟ್ಟರು. ಬಣ್ಣದ ಮಾಸ್ಟರುಗಳ ಎದುರು ಬಂದು ನಿಮ್ಮ ಕೆಲಸ ಏನೆಂದು ಹೇಳಿ. ಅವರು ಬನ್ನಿ ಎಂದರೆ ಬನ್ನಿ, ಬೇಡ ಎಂದರೆ ಬೇಡ.

ಆ ಭಾಷಣವನ್ನೂ ಮೊದಲು ನನ್ನೆದುರು ಹೇಳಿದಳು. ನಾನೂ ಬರುತ್ತೇನೆ ಎಂದು ಇಸ್ತ್ರಿ ಮಾಡಿದ ಧೋತರ ಉಟ್ಟು, ಟೊಪ್ಪಿಗೆ ಹಾಕಿ ಹೋದೆ. ಮುಂದಿನ ಸಾಲಿನ ನಡುವಿನ ಕುರ್ಚಿ. ಹಿಂದೆ ನಲವತ್ತು ಜನ, ಹೆಚ್ಚಿನವರು ಉತ್ತರ ಪ್ರದೇಶ, ಒಡಿಶಾದ ಕಡೆಯವರು, ಎಲ್ಲರ ಉಗುರಿನ ಸಂದಿಯಲ್ಲೂ ಬಣ್ಣ. ದಾಕ್ಷಿ ಹಿಂದಿಯಲ್ಲಿ ಚೆನ್ನಾಗಿ ಮಾತಾಡಿದಳು. ಗೋಡೆಯ ಮೇಲೆ ಗುಂಡಿನ ಗೊಂಚಲುಗಳು ತಿರುಗಿದವು. ಅವಳು ತಿಳಿಯಿತೇ ಎಂದಾಗಲೆಲ್ಲ ನಾನು ಗೋಣು ಹಾಕಿದೆ. ಹಿಂದೆ ತಿರುಗಿ ನೋಡಿದರೆ ನಲವತ್ತು ಗೋಣುಗಳೂ ಆಡುತ್ತಿದ್ದವು. ನನಗೆ ಕಣ್ಣಲ್ಲಿ ನೀರು ಬಂತು. ಚಪ್ಪಾಳೆ ತಟ್ಟಿದರು, ಚಹಾ ಕುಡಿದರು, ಹೋದರು.

ಮೂರು ದಿನಕ್ಕೆ ಮ್ಯಾನೇಜರ್ ಫೋನ್ ಮಾಡಿದರು. ಬೆನ್ ಬಹಳ ಚೆನ್ನಾಗಿ ಮಾತಾಡಿದರು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಯಂತ್ರದ ಹತ್ತಿರ ಬರುವುದು ಬೇಡ ಎನ್ನುತ್ತಾರೆ ಎಂದರು. ದಾಕ್ಷಿ ಬಹಳ ಬೇಡಿಕೊಂಡ ಮೇಲೆ, ಮುಂದಿನ ವಾರ ಇನ್ನೊಂದು ಗಂಟೆ ಕೊಡುತ್ತೇನೆ, ಅದು ಕೊನೆ ಎಂದರು.

ಅವಳು ನನಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಅಜ್ಜಾ, ಎಲ್ಲಾರೂ ಗೋಣ ಹಾಕಿದ್ರಲ್ಲ?"

ಆ ಮಾತು ಕೇಳಿದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸ್ಟೇಷನ್ನಿಗೆ ಹೋಗಿ ಕೂತೆ, ಸೂರತ್ತಿಗೆ ಹೋಗುವ ಗಾಡಿಗಳನ್ನು ನೋಡಿದೆ, ಎದ್ದು ಬಂದೆ, ಸಂಜೆ ಮತ್ತೆ ಹೋದೆ. ಈ ಬಾಗಿಲೂ ಮುಚ್ಚಿದರೆ ಹಳೆಯ ಕೋಣೆಗೇ ವಾಪಸು ಹೋಗುತ್ತೇನೆ, ಭಾನುವಾರದ ಪಾಠವನ್ನೂ ನಿಲ್ಲಿಸುತ್ತೇನೆ, ಜನರಿಗೆ ಹೇಳುವುದು ನನಗೆ ಬರುವುದಿಲ್ಲ ಎಂದು ಅವಳು ತಾಯಿಯ ಹತ್ತಿರ ಹೇಳಿದ್ದಳಂತೆ. ಹುಡುಗಿ ಕನ್ನಡದಲ್ಲಿ ತಡವರಿಸಿ ಕಟ್ಟಿದ್ದನ್ನು ಮುಗಿಸಲು ಹೊರಟಿದ್ದಳು, ಅದನ್ನು ಕೆಡಿಸಿದ ಗೋಣು ನನ್ನ ಹೆಗಲ ಮೇಲೆ ಇತ್ತು. ಎರಡನೆಯ ದಿನ ಬೆಳಿಗ್ಗೆ ಅದು ಸಿಕ್ಕಿಹಾಕಿಕೊಂಡಿತು. ಎಡಕ್ಕಿಲ್ಲ, ಬಲಕ್ಕಿಲ್ಲ, ಕೆಳಗಂತೂ ಇಲ್ಲವೇ ಇಲ್ಲ. ಡಾಕ್ಟರು ಪಟ್ಟಿ ಹಾಕಿದರು.

ಆ ಪಟ್ಟಿಯ ಸಮೇತ ಅಹಮದಾಬಾದಿಗೆ ಹೋದೆ. ಸೊಸೆ ಬೇಡವೆಂದಳು, ಕೇಳಲಿಲ್ಲ. ದಾಕ್ಷಿಯ ಮುಖ ಬಾಡಿತ್ತು. ಆದರೂ ಎರಡನೆಯ ಭಾಷಣ ಬರೆದಿಟ್ಟಿದ್ದಳು, ಮೊದಲಿನದಕ್ಕಿಂತ ಉದ್ದ. ನನ್ನನ್ನು ಸೋಫಾದ ಮೇಲೆ ಕೂರಿಸಿ ಹೇಳತೊಡಗಿದಳು. ಮೊದಲ ತುಂಡು ಮುಗಿಸಿ, ತಿಳೀತಾ ಎಂದಳು. ಗೋಣು ಹಾಕಲು ಹೋದೆ, ಅದು ಅಲುಗಲಿಲ್ಲ. ಇನ್ನೊಮ್ಮೆ ಹೇಳಿ, ತಿಳೀತಾ ಎಂದಳು. ಗದ್ದದ ಕೆಳಗೆ ಆ ಗಟ್ಟಿ ಪಟ್ಟಿ. ಮೂರು ವರ್ಷದಲ್ಲಿ ಮೊದಲ ಸಲ ಅವಳ ಪ್ರಶ್ನೆಗೆ ಬಾಯಿ ಬಿಟ್ಟು ಉತ್ತರ ಹೇಳಬೇಕಾಗಿತ್ತು. ಹೂಂ ಎನ್ನಬಹುದಿತ್ತು, ಹೂಂ ಎನ್ನಲು ಗೋಣು ಬೇಕಿಲ್ಲ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಅವಳು ಹಾಳೆ ಕೆಳಗಿಟ್ಟು ಕೇಳಿದಳು.

"ನಾ ಈಗ ಏನಂದೆ ಹೇಳು ನೋಡೋಣ."

ಅಜ್ಜಿಯನ್ನು ಈ ಹುಡುಗಿ ನೋಡಿಯೇ ಇಲ್ಲ. ಆ ಮಾತು ಎಲ್ಲಿಂದ ಬಂತೋ.

"ತಿಳೀಲಿಲ್ಲವ್ವಾ" ಎಂದೆ.

"ಎಲ್ಲಿಂದ ತಿಳೀಲಿಲ್ಲ?"

"ಮದಲಿಂದ."

ಈ ಭಾಷಣದ ಮೊದಲಿನಿಂದಲೇ ಎಂದು ಕೇಳಿದಳು. ಅಲ್ಲ, ನೀಲಿ ಗುಂಡಿನ ದಿನದಿಂದ ಎಂದೆ. ಹಾಗಾದರೆ ಭಾನುವಾರದ್ದು ಎಂದಳು. ಅವೂ ಎಂದೆ. ಅವಳು ಎದ್ದು ಅಡಿಗೆಮನೆಗೆ ಹೋದಳು. ಪಾತ್ರೆಯ ಸದ್ದೂ ಇಲ್ಲ, ಅಳುವ ಸದ್ದೂ ಇಲ್ಲ. ಆ ಹೊತ್ತು ಎಷ್ಟು ಉದ್ದವಿತ್ತೆಂದರೆ, ಎದ್ದು ಹೋಗಿ ನೋಡಲೂ ಧೈರ್ಯವಾಗದೆ ನಾನು ಜೀವನದಲ್ಲಿ ಮೊದಲ ಸಲ ಅಲುಗಾಡದೆ ಒಂದೇ ಕಡೆ ಕೂತಿದ್ದೆ. ಚಹಾ ತಂದು ನನ್ನ ಕೈಗೆ ಕೊಟ್ಟಳು. ಮತ್ತೆ ಯಾಕೆ ಗೋಣು ಹಾಕಿದೆ ಎಂದು ಕೇಳಿದಳು. ನೀ ಮಾತಾಡೋದು ನಿಲ್ಲಿಸಬಾರದು ಅಂತ, ಎಂದೆ. ಅವಳು ಭಾಷಣದ ಹಾಳೆಗಳನ್ನು ಮಡಚಿ ನನ್ನ ಕಪ್ಪಿನ ಕೆಳಗೆ ಇಟ್ಟಳು.

ಅಲ್ಲಿಂದ ಎರಡು ದಿನ ಅವಳು ಹೇಳುವುದು, ನಾನು ಇಲ್ಲ ಎನ್ನುವುದು. ಇಲ್ಲ ಎನ್ನುವುದರಲ್ಲಿ ಇಷ್ಟು ಸುಖ ಇದೆ ಎಂದು ಗೊತ್ತಿದ್ದರೆ ಸಾಹೇಬರ ಕಾಲದಲ್ಲೇ ಶುರು ಮಾಡುತ್ತಿದ್ದೆ. ಕೊನೆಗೆ ಒಂದು ಮಾತು ಉಳಿಯಿತು. ನೀರಿನಲ್ಲಿ ಬಣ್ಣವೂ ಬಟ್ಟೆಯೂ ಒಂದನ್ನೊಂದು ದೂರ ತಳ್ಳುತ್ತವೆ, ಉಪ್ಪು ನಡುವೆ ನಿಂತು ಜಗಳ ಬಿಡಿಸುತ್ತದೆ, ಆಮೇಲೆ ಬಣ್ಣ ಬಟ್ಟೆಯ ಹತ್ತಿರ ಹೋಗುತ್ತದೆ. ಇದು ನನಗೆ ತಿಳಿಯಿತು. ತಿಳಿದದ್ದರಿಂದ ಒಂದು ಪ್ರಶ್ನೆ ಹುಟ್ಟಿತು. ಆ ಉಪ್ಪನ್ನು ಒಮ್ಮೆಗೇ ಸುರಿಯುತ್ತಾರೋ, ಸ್ವಲ್ಪ ಸ್ವಲ್ಪವೋ, ಸಾಕು ಎಂದು ಯಾರು ಹೇಳುತ್ತಾರೆ ಎಂದೆ.

"ನನಗ ಗೊತ್ತಿಲ್ಲ ಅಜ್ಜಾ" ಎಂದಳು. ಅವಳ ಕಂಪ್ಯೂಟರಿನಲ್ಲಿ ಉಪ್ಪು ಮೊದಲೇ ಕರಗಿ ಕೂತಿರುತ್ತಿತ್ತಂತೆ, ಸುರಿಯುವ ಕೈ ಇರಲೇ ಇಲ್ಲವಂತೆ.

ಪಾಂಡೇಸರಾಕ್ಕೆ ಮತ್ತೆ ಹೋದೆವು. ಈ ಸಲ ನಾನು ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ, ಕೂಡದೆ ನಿಂತೆ. ದಾಕ್ಷಿ ಗುಂಡಿನ ಚಿತ್ರ ತೋರಿಸಲಿಲ್ಲ. ಉಪ್ಪಿನ ಜಗಳದ ಮಾತು ಹೇಳಿದಳು, ಇಷ್ಟು ಉಪ್ಪು ಬೇಡ ಎಂದು ನನ್ನ ಲೆಕ್ಕ ಹೇಳುತ್ತದೆ ಎಂದಳು, ಆದರೆ ನೀವು ಉಪ್ಪನ್ನು ಯಾವಾಗ, ಹೇಗೆ ಹಾಕುತ್ತೀರಿ ಎಂಬುದು ನನಗೆ ಗೊತ್ತಿಲ್ಲ ಎಂದಳು. ಐದು ನಿಮಿಷದಲ್ಲಿ ಮುಗಿಯಿತು. ಉಳಿದ ಹೊತ್ತು ಹಾಗೇ ಖಾಲಿ ಬಿದ್ದಿತ್ತು. ಯಾರ ಗೋಣೂ ಆಡಲಿಲ್ಲ. ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡರು.

ನಡುವಿನ ಸಾಲಿನಿಂದ ಒಬ್ಬ ಎದ್ದ. ರಾಮಧಾರಿ ಮಾಸ್ಟರ್, ಎಲ್ಲರಿಗಿಂತ ಹಿರಿಯ, ಮೊಣಕೈತನಕ ನೀಲಿ ಇಳಿದ ಕೈ. ಅವನ ಹಿಂದಿಯನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬೇಟಿ, ಹೋದ ಸಲ ನೀನು ಹೇಳಿದ್ದು ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಈ ಸಲ ಅರ್ಥವಾಯಿತು. ನಿನ್ನ ಲೆಕ್ಕ ತಪ್ಪು."

ದಾಕ್ಷಿ ಮೈಕು ಇಟ್ಟು, ಕೆಳಗಿಳಿದು ಅವನೆದುರು ಬಂದು ನಿಂತಳು, ಎಲ್ಲಿ ತಪ್ಪು ಎಂದು ಕೇಳಿದಳು. ಉಪ್ಪು ಮೂರು ಸಲ ಹಾಕುತ್ತೇವೆ, ಮೂರನೆಯದನ್ನು ಗಡಿಯಾರ ನೋಡಿ ಹಾಕುವುದಿಲ್ಲ, ನೀರನ್ನು ಲೋಟದಲ್ಲಿ ಹಿಡಿದು ಅದರ ಹಿಂದೆ ಬೆರಳು ಕಾಣುತ್ತದೋ ಇಲ್ಲವೋ ನೋಡಿ ಹಾಕುತ್ತೇವೆ ಎಂದ ಅವನು. ಪಕ್ಕದವನು ಎದ್ದು, ಅದು ಮಾಸ್ಟರ್ ಮಾತು, ಗಾಢ ಬಣ್ಣಕ್ಕೆ ಬೆರಳು ಕಾಣುವತನಕ ಕಾದರೆ ಬಟ್ಟೆ ಕೆಡುತ್ತದೆ ಎಂದ. ಇನ್ನೊಬ್ಬ, ಮಳೆಗಾಲದಲ್ಲಿ ನೀರೇ ಬೇರೆ, ಆಗ ಎರಡೇ ಸಲ ಹಾಕುವುದು ಎಂದ. ನೀನು ಹಾಗೆ ಹಾಕಿದ್ದಕ್ಕೇ ಹೋದ ವರ್ಷ ನಿನ್ನ ಕೆಂಪು ಗುಲಾಬಿಯಾಯಿತು ಎಂದು ಹಿಂದಿನಿಂದ ಯಾರೋ ಕುಟುಕಿದರು. ಎಲ್ಲರೂ ಎದ್ದು ನಿಂತರು. ನಲವತ್ತು ಜನ ನಲವತ್ತು ತರಹ ಹೇಳುತ್ತಿದ್ದರು, ನನ್ನ ಮೊಮ್ಮಗಳು ನಡುವೆ ನೆಲದ ಮೇಲೆ ಕೂತು ಬರೆದುಕೊಳ್ಳುತ್ತಿದ್ದಳು. ನಡುನಡುವೆ ತಲೆ ಎತ್ತಿ, ಇದು ತಿಳಿಯಲಿಲ್ಲ, ಮತ್ತೆ ಹೇಳಿ ಎನ್ನುತ್ತಿದ್ದಳು. ಕೊಟ್ಟ ಗಂಟೆ ಎಂದೋ ಮುಗಿದಿತ್ತು.

ಮ್ಯಾನೇಜರ್ ಕೊನೆಗೆ, ಹಾಗಾದರೆ ಇವರನ್ನು ಏನು ಮಾಡೋಣ ಎಂದು ರಾಮಧಾರಿಯನ್ನು ಕೇಳಿದರು. ಅವನು ದಾಕ್ಷಿಯ ಕಾಲಿನ ಕಡೆ ನೋಡಿದ. ತೆಳ್ಳಗಿನ ಪಟ್ಟಿಯ ಚಪ್ಪಲಿ ಹಾಕಿದ್ದಳು. ಬಿಸಿನೀರು ಚೆಲ್ಲುವ ನೆಲ ಅದು, ಇದು ನಡೆಯುವುದಿಲ್ಲ ಎಂದು ಗೊಣಗಿ, ಸುತ್ತ ನೋಡಿ, ಬಾಗಿಲ ಹತ್ತಿರ ನಿಂತ ನನ್ನನ್ನು ಕಂಡು ಕೇಳಿದ.

"ದಾದಾ, ಹುಡುಗಿಯ ಕಾಲು ಎಷ್ಟು ನಂಬರು?"

ಎರಡು ಸಲದ ಸಭೆಯಲ್ಲಿ ನನಗೆ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ. ಐದು ಎಂದೆ. ಬೂಟಿನ ಒಳಗೆ ದಪ್ಪ ಕಾಲುಚೀಲ ಬೇಕಾಗುತ್ತದೆ, ಐದು ಸಾಲದು ಎಂದು ಅವನು ಮ್ಯಾನೇಜರರ ಜೇಬಿನಿಂದ ಪೆನ್ನು ಎಳೆದುಕೊಂಡು, ನೀಲಿ ಅಂಗೈಯಲ್ಲಿ ಸ್ವಲ್ಪ ಬಿಳಿ ಉಳಿದ ಜಾಗ ಹುಡುಕಿ, ಆರು ಎಂದು ಬರೆದುಕೊಂಡ.